ಹೊಂಗೆ ಮರದ ಮೂಲೆ

ಚನ್ನಮಲ್ಲಯ್ಯನವರು ಕಡಲೆಕಾಯಿ ಗಿಡವೊಂದನ್ನು ಕಿತ್ತು ಮುದ್ದಪ್ಪನ ಕಾಲ ಬಳಿ ಎಸೆದರು. ಕೀಳಲು ಅವರು ಬಲ ಹಾಕಬೇಕಾಗಿ ಬರಲಿಲ್ಲ. ಬಾಡಿದ ಗಿಡ ತಾನಾಗಿಯೇ ಕೈಗೆ ಬಂದಿತ್ತು.

"ಕಣ್ಬುಟ್ಟು ನೋಡ್ಲಾ ಮುದ್ದ," ಎಂದರು. "ನಿನ್ನ ಕುರಿ ಕೊಟ್ಟಿರೋ ಗೊಬ್ಬರ ಇದು."

ಮುದ್ದಪ್ಪ ಬಗ್ಗಿ ಗಿಡವನ್ನು ಎತ್ತಿಕೊಂಡ. ಅವನ ಬೆನ್ನ ಹಿಂದೆ ಅವನ ಮಗಳು ಈರಕ್ಕ ಸ್ಕೂಲ್ ಬ್ಯಾಗು ನೇತುಹಾಕಿಕೊಂಡು ನಿಂತಿದ್ದಳು. ಅವಳೂ ಕತ್ತು ಚಾಚಿ ನೋಡಿದಳು. ಗಿಡದ ಬುಡಕ್ಕೆ ಹಿಂಜಿದ ಹತ್ತಿಯಂಥ ಬಿಳಿಯ ಎಳೆಗಳು ಸುತ್ತಿಕೊಂಡಿದ್ದವು. ಎಳೆಗಳ ನಡುವೆ ಕಂದು ಬಣ್ಣದ ಸಣ್ಣ ಸಣ್ಣ ಕಾಳುಗಳಿದ್ದವು. ಯಾರೋ ಸಾಸಿವೆ ಚೆಲ್ಲಿ ಹೋದಂತೆ ಕಾಣುತ್ತಿತ್ತು.

ಈರಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಆ ಕಾಳುಗಳನ್ನು ಅವಳು ಹಿಂದೊಮ್ಮೆ ನೋಡಿದ್ದಳು.

ಮುದ್ದಪ್ಪನಿಗೆ ತೊಂಬತ್ತು ಕುರಿಗಳ ಮಂದೆಯಿತ್ತು. ಬೇಸಿಗೆಯಲ್ಲಿ ಹೊಲಗಳು ಖಾಲಿ ಬಿದ್ದಾಗ ಊರಿನವರು ಅವನನ್ನು ಕರೆದು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಕುರಿಗಳು ತಡಿಕೆಯ ಬೇಲಿಯೊಳಗೆ ಮಲಗಿ ಎದ್ದರೆ, ಬೆಳಿಗ್ಗೆ ಅಷ್ಟು ನೆಲಕ್ಕೆ ಗೊಬ್ಬರ ಬಿದ್ದಿರುತ್ತಿತ್ತು. ಮರುದಿನ ಬೇಲಿಯನ್ನು ಎತ್ತಿ ಪಕ್ಕಕ್ಕೆ ಇಡುವುದು. ಅದರ ಮರುದಿನ ಇನ್ನೂ ಪಕ್ಕಕ್ಕೆ. ಹೀಗೆ ಇಡೀ ಹೊಲ ಮುಗಿದ ಮೇಲೆ ಹೊಲದವರು ಚೀಲ ತುಂಬ ರಾಗಿ ಕೊಡುತ್ತಿದ್ದರು. ಮುದ್ದಪ್ಪನ ಮನೆಯ ಮುದ್ದೆಯ ದಾರಿ ಅದು.

ಈ ಬಾರಿ ಮೊದಲು ಮಂದೆ ನಿಂತದ್ದು ಚನ್ನಮಲ್ಲಯ್ಯನವರ ಹೊಲದಲ್ಲಿ. ಈಗ ಶ್ರಾವಣ. ಊರಿನ ಬೇರೆ ಯಾವ ಹೊಲದಲ್ಲೂ ಕಾಣದ ರೋಗ ಅವರ ಹೊಲದಲ್ಲಿ ಮಾತ್ರ ಕಾಣಿಸಿಕೊಂಡಿತ್ತು.

"ಊರಾಗೆ ಮಾತಾಡಿವ್ನಿ," ಎಂದರು ಚನ್ನಮಲ್ಲಯ್ಯನವರು. ಅವರ ಧ್ವನಿ ಏರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ಇನ್ನು ಯಾರ ಹೊಲ್ದಾಗೂ ನಿನ್ನ ಮಂದೆ ನಿಲ್ಲಂಗಿಲ್ಲ."

ಮುದ್ದಪ್ಪ ಗಿಡವನ್ನು ಬದುವಿನ ಮೇಲೆ ಮೆಲ್ಲಗೆ ಇಟ್ಟು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಹಟ್ಟಿಯ ಕಡೆಗೆ ಹೊರಟ. ಈರಕ್ಕ ಅವನ ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ ಹಿಂಬಾಲಿಸಿದಳು.

ಅಂದು ಸಂಜೆ ಅಪ್ಪ ಅವ್ವ ಮಾತನಾಡಿಕೊಂಡದ್ದು ಅವಳ ಕಿವಿಗೆ ಬಿತ್ತು. ಈ ಊರಿನಲ್ಲಿ ಮಂದೆಗೆ ಜಾಗವಿಲ್ಲದಿದ್ದರೆ ಪಾವಗಡ ದಾಟಿ, ಆಂಧ್ರದ ಗಡಿಯಾಚೆ ಅವ್ವನ ತವರಿಗೆ ಹೋಗುವುದೊಂದೇ ದಾರಿ ಎಂದು ಅಪ್ಪ ಹೇಳಿದ. ಈರಕ್ಕನ ಶಾಲೆಯ ಗತಿಯೇನು ಎಂದು ಅವ್ವ ಕೇಳಿದಳು. ಅಲ್ಲಿ ಪಾಠವೆಲ್ಲ ತೆಲುಗಿನಲ್ಲಿ, ಶಾಲೆಯೂ ಹಟ್ಟಿಯಿಂದ ದೂರ. ಐದನೆಯ ಕ್ಲಾಸಿನವರೆಗೆ ಓದಿದ್ದು ಸಾಕಾಗಬಹುದು ಎಂದು ಅಪ್ಪ ತಲೆ ತಗ್ಗಿಸಿಯೇ ಹೇಳಿದ.

ಈರಕ್ಕ ಕಂಬಳಿಯನ್ನು ಮುಖದವರೆಗೆ ಎಳೆದುಕೊಂಡಳು. ಕಣ್ಣು ಮುಚ್ಚಿದರೆ ಸಾಸಿವೆಯಂಥ ಕಾಳುಗಳೇ ಕಾಣುತ್ತಿದ್ದವು.

ಅದು ನಡೆದದ್ದು ಬೇಸಿಗೆ ರಜೆಯಲ್ಲಿ. ಸಿರಾ ಕಡೆಯಿಂದ ಮಂದೆ ಊರಿಗೆ ಮರಳುತ್ತಿತ್ತು. ದಾರಿಯಲ್ಲಿ ಒಂದು ಬಾವಿಯ ಹೊಲ, ಅದರ ಬದುವಿನ ಮೇಲೆ ಕಡಲೆಕಾಯಿ ಬಳ್ಳಿಯ ಗುಡ್ಡೆ. ಆ ಹೊಲದ ಹೆಂಗಸು ಅಪ್ಪನಿಲ್ಲದ ಹೊತ್ತಿನಲ್ಲಿ ಬಂದು, ಅದು ಬೂಷ್ಟು ಹತ್ತಿದ ಬಳ್ಳಿಯೆಂದೂ ಸುಡುವುದಕ್ಕೆ ಇಟ್ಟದ್ದೆಂದೂ ಕುರಿಗಳ ಬಾಯಿಗೆ ಸಿಗದಂತೆ ನೋಡಿಕೋ ಎಂದೂ ಈರಕ್ಕನಿಗೆ ಹೇಳಿ ಹೋಗಿದ್ದಳು. ಈರಕ್ಕ ಹೂಂ ಎಂದಿದ್ದಳು. ಆದರೆ ಅಲ್ಲಿ ಐದು ನುಣುಪಾದ ಕಲ್ಲುಗಳು ಸಿಕ್ಕಿದ್ದವು. ಮೇಲಕ್ಕೆ ತೂರಿ ಅಂಗೈ ಹಿಂಬದಿಯಲ್ಲಿ ಹಿಡಿಯುವ ಆಟ. ಐದೂ ಕಲ್ಲುಗಳನ್ನು ಒಮ್ಮೆಲೇ ಹಿಡಿದು ಅವಳು ತಲೆಯೆತ್ತಿದಾಗ ಗುಡ್ಡೆ ಅರ್ಧವಾಗಿತ್ತು. ಮಂದೆಯ ಮುಂದಾಳು ಕೆಂಚಿಯ ಮೂತಿಯ ಮೇಲೆ ಕಂದು ಕಾಳುಗಳು ಅಂಟಿದ್ದವು. ಈರಕ್ಕ ಲಂಗದ ತುದಿಯಿಂದ ಒರೆಸಿಬಿಟ್ಟಳು. ಅಪ್ಪನಿಗೆ ಹೇಳಲಿಲ್ಲ.

ಎರಡು ದಿನದ ನಂತರ ಮಂದೆ ಚನ್ನಮಲ್ಲಯ್ಯನವರ ಹೊಲದಲ್ಲಿ ನಿಂತಿತು. ಮೊದಲ ರಾತ್ರಿ ಹುಣಸೆ ಮರದ ಬಳಿ. ಬೆಳಿಗ್ಗೆ ಈರಕ್ಕನ ಕಾಲಡಿಗೆ ಸಿಕ್ಕಿದ ಹಿಕ್ಕೆಯೊಂದು ಒಡೆಯಿತು. ಒಳಗೆ ಅದೇ ಕಾಳುಗಳು. ಒಂದೂ ಜೀರ್ಣವಾಗಿರಲಿಲ್ಲ. ಅವಳು ಪಾದದಿಂದ ಮಣ್ಣೆಳೆದು ಮುಚ್ಚಿ, ಮರೆತೂಬಿಟ್ಟಳು.

ಈಗ ಮಣ್ಣೇ ಅದನ್ನು ಹೊರಗೆ ಹಾಕಿತ್ತು.

ಮರುದಿನ ಶಾಲೆಯಲ್ಲಿ ಕರಿಬಸಮ್ಮ ತನ್ನ ಬ್ಯಾಗನ್ನು ಎತ್ತಿಕೊಂಡು ಚಾಪೆಯ ಆ ತುದಿಗೆ ಸರಿದಳು. ಕರಿಬಸಮ್ಮ ಚನ್ನಮಲ್ಲಯ್ಯನವರ ಮಗಳು. ನಿನ್ನೆಯವರೆಗೆ ಅವರಿಬ್ಬರೂ ಒಂದೇ ರಬ್ಬರಿನಲ್ಲಿ ಅಳಿಸುತ್ತಿದ್ದವರು.

"ಹತ್ರ ಬರಬ್ಯಾಡ ಕಣೆ. ಬೂಷ್ಟು ಅಂಟ್ಕೋತೈತೆ."

"ಅಂಟಿದ್ರೆ ನಿನ್ನ ನಾಲಿಗೆಗೆ ಅಂಟ್ಲಿ," ಎಂದಳು ಈರಕ್ಕ. "ಅದಕ್ಕೂ ಸ್ವಲ್ಪ ರೆಸ್ಟ್ ಸಿಗ್ತೈತೆ."

ಹಿಂದಿನ ಸಾಲಿನ ಹುಡುಗರು ನಕ್ಕರು. ಆದರೆ ಊಟದ ಬೆಲ್ಲು ಹೊಡೆಯುವುದರೊಳಗೆ ಅವಳಿಗೆ 'ಬೂಷ್ಟು ಈರಿ' ಎಂಬ ಹೆಸರು ನಿಂತುಹೋಯಿತು. ನಕ್ಕವರೇ ಅದನ್ನು ಹೆಚ್ಚು ಕೂಗಿದರು. ಮಧ್ಯಾಹ್ನ ಅಪ್ಪ ಬಂದು ಹೆಡ್ ಮೇಷ್ಟ್ರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟದ್ದನ್ನು ಅವಳು ಕಿಟಕಿಯಿಂದ ಕಂಡಳು. ಟೀಸಿ ಕೇಳಲು ಬಂದಿದ್ದ. ಟೀಸಿ ಫಾರಂ ಮುಗಿದಿವೆ, ಮಧುಗಿರಿಯಿಂದ ತರಿಸಬೇಕು, ಮುಂದಿನ ವಾರ ಕಳೆದು ಸೋಮವಾರ ಬಾ ಎಂದು ಹೆಡ್ ಮೇಷ್ಟ್ರು ಕಳುಹಿಸಿದರು.

ಆ ಸೋಮವಾರಕ್ಕೆ ಹನ್ನೊಂದು ದಿನಗಳಿದ್ದವು.

ಅಸ್ಗರ್ ಸೈಕಲ್ಲಿನ ಮೇಲೆ ಬಂದದ್ದು ಅದರ ಮರುದಿನ ಬೆಳಿಗ್ಗೆ. ಸಿರಾದಲ್ಲಿ ಕಂಬಳಿ ವ್ಯಾಪಾರ ಮಾಡುವ ಹಬೀಬ್ ಸಾಬ್‌ರ ಮಗ. ಬೆಂಗಳೂರಿನಲ್ಲಿ ವ್ಯವಸಾಯದ ದೊಡ್ಡ ಓದು ಓದುತ್ತಿದ್ದ. ಕಡಲೆಕಾಯಿಯ ರೋಗಗಳನ್ನು ಹುಡುಕಿಕೊಂಡು ಮಧುಗಿರಿಯಲ್ಲಿ ಒಂದು ರೂಮು ಮಾಡಿ, ಊರೂರು ಸುತ್ತುತ್ತಿದ್ದ. ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿತ್ತು.

ಶಾಲೆಗೆ ಹೊರಟಿದ್ದ ಈರಕ್ಕ, ಹೊಲದ ಬಳಿ ಜನ ಸೇರಿದ್ದನ್ನು ನೋಡಿ ನಿಂತಳು. ಅಸ್ಗರ್ ಮಂಡಿಯೂರಿ ಕುಳಿತು ಬಾಡಿದ ಗಿಡಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತುತ್ತಿದ್ದ. ಬಿಳಿಯ ಎಳೆ ಒಂದು ಬಗೆಯ ಬೂಷ್ಟು, ಕಂದು ಕಾಳುಗಳು ಅದು ಮತ್ತೆ ಹುಟ್ಟುವುದಕ್ಕೆ ಇಟ್ಟುಕೊಂಡ ಗಂಟು, ಸಿಪ್ಪೆ ಗಟ್ಟಿಯಾದ್ದರಿಂದ ವರ್ಷಗಟ್ಟಲೆ ಮಣ್ಣಿನಲ್ಲಿ ಸಾಯದೆ ಇರುತ್ತದೆ ಎಂದು ಅವನು ಸುತ್ತಲಿದ್ದವರಿಗೆ ವಿವರಿಸಿದ. ಇದು ಈ ಹೊಲಕ್ಕೆ ಎಲ್ಲಿಂದ ಬಂತೋ ತನಗೂ ತಿಳಿಯದು ಎಂದ.

"ತಿಳೀದೇನು? ಕುರಿಯಿಂದ ಬಂತು," ಎಂದರು ಚನ್ನಮಲ್ಲಯ್ಯನವರು.

ಅಸ್ಗರ್ ಅದಕ್ಕೆ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ರೋಗ ಹತ್ತದೆ ಉಳಿದ ಜಾಗವೇನಾದರೂ ಈ ಹೊಲದಲ್ಲಿದೆಯೇ ಎಂದು ಕೇಳಿದ. ಅಂಥದ್ದು ಒಂದು ಗೇಣೂ ಇಲ್ಲ ಎಂದರು ಚನ್ನಮಲ್ಲಯ್ಯನವರು.

ಇದೆ ಎಂಬುದು ಈರಕ್ಕನಿಗೆ ಗೊತ್ತಿತ್ತು. ಎರಡು ದಿನದಿಂದ ಅವಳು ಶಾಲೆಗೆ ಹೋಗುವಾಗಲೂ ಬರುವಾಗಲೂ ಆ ಹೊಲವನ್ನೇ ನೋಡುತ್ತಿದ್ದಳು. ಹೇಳಿದರೆ ಇನ್ನೂ ಏನೇನು ಕೇಳುತ್ತಾರೋ ಎಂದು ಹೆದರಿಕೆಯಾಯಿತು. ಹೇಳದಿದ್ದರೆ ಸೋಮವಾರ ಬರುತ್ತದೆ.

"ಹೊಂಗೆ ಮರದ ಮೂಲೇಲಿ ಗಿಡ ಚೆನ್ನಾಗವೆ," ಎಂದಳು.

ಎಲ್ಲರೂ ತಿರುಗಿದರು. ಅಸ್ಗರ್ ಎದ್ದು ನಿಂತ. "ಎಲ್ಲಿ, ತೋರಿಸು ಬಾ ತಂಗಿ."

ಹೊಲದ ಕೊನೆಯ ಮೂಲೆಯಲ್ಲಿ, ಹೊಂಗೆಯ ನೆರಳು ದಾಟಿದ ಕೂಡಲೇ, ಒಂದು ಕಣದಷ್ಟಗಲದ ಜಾಗದಲ್ಲಿ ಗಿಡಗಳು ಹಸಿರಾಗಿ ನಿಂತಿದ್ದವು. ಬೇರೆಡೆ ಒಂಬತ್ತು ಕಡೆ ಮಂದೆ ಒಂದೊಂದು ರಾತ್ರಿ ನಿಂತಿತ್ತು. ಇಲ್ಲಿ ಮಾತ್ರ ನಾಲ್ಕು ರಾತ್ರಿ. ಕೆಂಚಿ ಇಲ್ಲಿ ಮರಿ ಹಾಕಿ ಏಳಲಾರದೆ ಮಲಗಿಬಿಟ್ಟಿತ್ತು. ಅದನ್ನು ಬಿಟ್ಟು ಹೋಗಲಾಗದೆ ಅಪ್ಪ ಬೇಲಿಯನ್ನು ಕದಲಿಸಿರಲಿಲ್ಲ. ಈರಕ್ಕ ಅದಷ್ಟನ್ನೂ ಹೇಳಿದಳು.

ಅಸ್ಗರ್ ಒಂದು ಹಸಿರು ಗಿಡದ ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸಿದ. ಅಂಗೈಯಲ್ಲಿ ಹರಡಿ ನೋಡಿ, ಹುಬ್ಬು ಗಂಟಿಕ್ಕಿದ. ಮಣ್ಣಿನಲ್ಲಿ ಸಾಸಿವೆಯಂಥ ಕಾಳುಗಳು ಇಲ್ಲಿಯೂ ಇದ್ದವು.

"ಬೂಷ್ಟು ಇಲ್ಲಿಗೂ ಬಂದಿದೆ," ಎಂದು ತನಗೆ ತಾನೇ ಹೇಳಿಕೊಂಡ. "ಆದರೆ ಗಿಡ ಸತ್ತಿಲ್ಲ. ಯಾರು ತಡೀತಾ ಇದಾರೆ ಇದನ್ನ?"

ಆ ಮೂಲೆಯ ಮಣ್ಣನ್ನು ಒಂದು ಸೀಸೆಯಲ್ಲಿ, ಹುಣಸೆ ಮರದ ಬಳಿಯ ಮಣ್ಣನ್ನು ಇನ್ನೊಂದರಲ್ಲಿ ತುಂಬಿಕೊಂಡ. ಒಂಬತ್ತು ದಿನ ಬೇಕು, ಮುಂದಿನ ವಾರ ಕಳೆದು ಭಾನುವಾರ ಬರುತ್ತೇನೆ ಎಂದ. ಅಲ್ಲಿಯವರೆಗೆ ಯಾರನ್ನೂ ಊರು ಬಿಡಿಸಬೇಡಿ ಎಂದು ಅವನು ಬೇಡಿಕೊಂಡಾಗ ಚನ್ನಮಲ್ಲಯ್ಯನವರು ಬೀಡಿ ಹಚ್ಚಿಕೊಂಡು ಮುಖ ತಿರುಗಿಸಿದರು.

ಅಸ್ಗರ್ ಪೆಟ್ಟಿಗೆ ಕಟ್ಟುವಾಗ ಈರಕ್ಕ ಸೈಕಲ್ಲಿನ ಬಳಿ ಸುಳಿದಾಡಿದಳು. ಮಣ್ಣನ್ನು ಏನು ಮಾಡುತ್ತೀಯ ಎಂದು ಕೇಳಿದಳು. ಬೇಯಿಸಿದ ಆಲೂಗಡ್ಡೆಯ ನೀರಿಗೆ ಸಕ್ಕರೆಯನ್ನೂ ಗಟ್ಟಿಯಾಗುವ ಒಂದು ಪುಡಿಯನ್ನೂ ಹಾಕಿ, ಗಾಜಿನ ತಟ್ಟೆಗೆ ಹುಯ್ದು, ಅದರ ಮೇಲೆ ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಿಗಳನ್ನು ಬೆಳೆಸುತ್ತೇನೆ ಎಂದ ಅವನು. ಅವಕ್ಕೆ ಬ್ಯಾಕ್ಟೀರಿಯ ಎಂದು ಹೆಸರು. ಬೇರೆ ಕೊಳೆ ಸೇರಬಾರದೆಂದು ತಟ್ಟೆಗಳನ್ನು ಮೊದಲು ಕುಕ್ಕರಿನಲ್ಲಿ ಕೂಗಿಸಬೇಕು.

"ನಮ್ಮಮ್ಮಂದೇ ಕುಕ್ಕರು," ಎಂದ ಅಸ್ಗರ್. "ಬೂಷ್ಟಿಗೆ ಉಪಯೋಗಿಸ್ತಿದೀನಿ ಅಂತ ಗೊತ್ತಾದ್ರೆ ಸಿರಾ ಊರಿಗೇ ಸೇರಿಸಲ್ಲ ನನ್ನ."

ಈರಕ್ಕನಿಗೆ ನಗು ಬಂತು. ಆ ನಗುವಿನ ಜೊತೆಗೇ ಬೇಸಿಗೆಯ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಸೈಕಲ್ ಹೊರಟುಹೋಯಿತು.

ಆ ಒಂಬತ್ತು ದಿನಗಳು ಬಹಳ ಉದ್ದವಾಗಿದ್ದವು. ಮಂದೆಯನ್ನು ಕರೆಯುವವರಿಲ್ಲದೆ ಮುದ್ದಪ್ಪ ಕುರಿಗಳನ್ನು ಬಂಡೆಗಳ ದಿಣ್ಣೆಯ ಮೇಲೆಯೇ ನಿಲ್ಲಿಸುತ್ತಿದ್ದ. ಅವ್ವ ಪಾತ್ರೆಗಳನ್ನು ಗೋಣಿಚೀಲದಲ್ಲಿ ತುಂಬಿ ಬಾಯಿ ಕಟ್ಟಿಟ್ಟಿದ್ದಳು. ಒಂದು ಲೋಟ ಬೇಕಾದರೂ ಗಂಟು ಬಿಚ್ಚಬೇಕಾಗಿತ್ತು. ಹೊಲದಲ್ಲಿ ಚನ್ನಮಲ್ಲಯ್ಯನವರು ದಿನವೂ ಬಾಡಿದ ಗಿಡಗಳನ್ನು ಕಿತ್ತು ಬದುವಿನ ಮೇಲೆ ಹಾಕುತ್ತಿದ್ದರು. ಬದುವಿನ ಗುಡ್ಡೆ ಏರಿದಷ್ಟೂ ಹೊಲ ತೆಳುವಾಗುತ್ತಿತ್ತು. ಹೊಂಗೆ ಮರದ ಮೂಲೆ ಮಾತ್ರ ಹಸಿರಾಗಿಯೇ ಇತ್ತು. ಈರಕ್ಕ ಪ್ರತಿದಿನ ಅಲ್ಲಿಗೆ ಹೋಗಿ ಗಿಡಗಳನ್ನು ಎಣಿಸಿ ಬರುತ್ತಿದ್ದಳು. ಒಂದು ಗಿಡ ಕಡಿಮೆಯಾದರೂ ತನ್ನ ಶಾಲೆ ಹೋಯಿತೆಂದೇ ಅವಳ ಲೆಕ್ಕ.

ಭಾನುವಾರ ಬಂತು. ಅಸ್ಗರನೂ ಬಂದ.

ಹೊಲದ ಬಳಿ ಏಳೆಂಟು ಜನ ಕಾಯುತ್ತಿದ್ದರು. ಚನ್ನಮಲ್ಲಯ್ಯನವರು, ಪಕ್ಕದ ಹೊಲದ ಓಬಳಯ್ಯ, ಸ್ವಲ್ಪ ದೂರದಲ್ಲಿ ಮುದ್ದಪ್ಪ. ಅಪ್ಪನ ಪಕ್ಕದಲ್ಲಿ ಈರಕ್ಕ. ಮೇಲಿನ ದಿಣ್ಣೆಯಲ್ಲಿ ಮಂದೆ ಮೇಯುತ್ತಿತ್ತು. ಅಸ್ಗರ್ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಹತ್ತಿಯೊಳಗಿನಿಂದ ಎರಡು ಗಾಜಿನ ತಟ್ಟೆಗಳನ್ನು ತೆಗೆದ. ಮುಚ್ಚಳ ಯಾರೂ ತೆಗೆಯಬಾರದೆಂದು ಎಚ್ಚರಿಸಿದ.

ಮೊದಲನೆಯ ತಟ್ಟೆಯ ತುಂಬ ಬಿಳಿಯ ಬೂಷ್ಟು ಹರಡಿತ್ತು. ಅದರಲ್ಲಿ ಬೂಷ್ಟಿನ ಎದುರಿಗೆ ಹುಣಸೆ ಮರದ ಬಳಿಯ ಮಣ್ಣಿನ ಬ್ಯಾಕ್ಟೀರಿಯ ಇಟ್ಟಿದ್ದೆ, ಬೂಷ್ಟು ಅದರ ಮೇಲೆಯೇ ಹತ್ತಿ ಹೋಗಿದೆ ಎಂದ ಅಸ್ಗರ್.

ಎರಡನೆಯ ತಟ್ಟೆಯನ್ನು ಬೆಳಕಿಗೆ ಹಿಡಿದ. ಒಂದು ಬದಿಯಿಂದ ಬಿಳಿಯ ಬೂಷ್ಟು ಹೊರಟಿತ್ತು. ಇನ್ನೊಂದು ಬದಿಯಲ್ಲಿ ಹಸಿರು ಮಿಶ್ರಿತ ಹಳದಿಯ ಲೋಳೆಯ ಗೆರೆಯೊಂದಿತ್ತು. ಅದು ಹೊಂಗೆ ಮರದ ಮೂಲೆಯ ಬ್ಯಾಕ್ಟೀರಿಯ. ಬೂಷ್ಟು ಗೆರೆಯವರೆಗೆ ಬಂದಿರಲಿಲ್ಲ. ಒಂದು ಬೆರಳಿನಷ್ಟು ದೂರದಲ್ಲಿಯೇ ನಿಂತುಬಿಟ್ಟಿತ್ತು. ಎರಡರ ನಡುವೆ ಏನೂ ಬೆಳೆಯದ, ಖಾಲಿಯಾದ ಒಂದು ಓಣಿ.

ಈರಕ್ಕ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಾಗಿದಳು.

"ಅಣ್ಣ, ಇವೆರಡೂ ಮುಟ್ಕೊಂಡೇ ಇಲ್ಲವಲ್ಲ."

"ಮುಟ್ಟದೇನೇ ತಡೆದಿದೆ. ಅದೇ ವಿಚಿತ್ರ," ಎಂದ ಅಸ್ಗರ್. "ಈ ಬ್ಯಾಕ್ಟೀರಿಯ ಒಂದು ರಸ ಬಿಡುತ್ತೆ. ಕಣ್ಣಿಗೆ ಕಾಣಲ್ಲ. ಮೆಲ್ಲಗೆ ಸುತ್ತ ಹರಡುತ್ತೆ. ಅದು ಹರಡಿದ ಜಾಗದೊಳಕ್ಕೆ ಬೂಷ್ಟು ಕಾಲಿಡೋಕಾಗಲ್ಲ."

ತಟ್ಟೆ ಕೈಯಿಂದ ಕೈಗೆ ಹೋಯಿತು. ಓಬಳಯ್ಯ ಅದನ್ನು ತಲೆಕೆಳಗು ಮಾಡಿಯೂ ನೋಡಿದ. ತಟ್ಟೆಯಲ್ಲಿ ಆದದ್ದು ಹೊಲದಲ್ಲಿಯೂ ಆಗುತ್ತದೆಯೇ ಎಂದು ಚನ್ನಮಲ್ಲಯ್ಯನವರು ಕೇಳಿದರು. ಈಗಲೇ ಅಷ್ಟು ಗಟ್ಟಿಯಾಗಿ ಹೇಳಲಾರೆ, ಇನ್ನೊಂದು ಬೆಳೆ ನೋಡಬೇಕು ಎಂದ ಅಸ್ಗರ್. ಆದರೆ ಆ ಮೂಲೆಯಲ್ಲಿ ಮಾತ್ರ ಇಂಥ ಬ್ಯಾಕ್ಟೀರಿಯ ತುಂಬಿಕೊಂಡಿದೆ, ಅಲ್ಲಿ ಮಾತ್ರ ಮಂದೆ ನಾಲ್ಕು ರಾತ್ರಿ ನಿಂತಿದೆ, ಅಷ್ಟು ಗೊಬ್ಬರ ಬಿದ್ದದ್ದರಿಂದಲೇ ಅವು ಹೆಚ್ಚಿರಬಹುದು ಎಂದ.

ಚನ್ನಮಲ್ಲಯ್ಯನವರು ಹೊಂಗೆ ಮರದ ಕಡೆಗೆ ನೋಡಿದರು. ಆಮೇಲೆ ಮುದ್ದಪ್ಪನ ಕಡೆಗೆ ತಿರುಗಿದರು.

"ಉಳಿದಿರೋದು ನಿನ್ನ ಕುರಿಯಿಂದ್ಲೇ ಅಂತ ಆಯ್ತು ಬುಡು," ಎಂದರು. ಅವರ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ಓಬಳಯ್ಯ ಸಮಯ ನೋಡುತ್ತಿದ್ದವನಂತೆ ಮುಂದೆ ಬಂದ. ಹುರುಳಿಗೆಂದು ತಾನು ಬಿಟ್ಟಿರುವ ಹೊಲದಲ್ಲಿ ಇಂದು ರಾತ್ರಿಯೇ ಮಂದೆ ನಿಲ್ಲಲಿ ಎಂದ. ಮುದ್ದಪ್ಪನ ಮುಖ ಅರಳಿತು. ಹನ್ನೊಂದು ದಿನದಿಂದ ಈರಕ್ಕ ಆ ಮುಖವನ್ನು ಕಂಡಿರಲಿಲ್ಲ. ಅವಳಿಗೆ ಅಲ್ಲಿಯೇ ಕುಣಿಯಬೇಕೆನಿಸಿತು. ಟೀಸಿ ಇಲ್ಲ, ಪಾವಗಡ ಇಲ್ಲ. ಬೇಸಿಗೆಯ ಮಾತನ್ನು ಯಾರೂ ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.

ಚನ್ನಮಲ್ಲಯ್ಯನವರು ಬದುವಿನ ಮೇಲಿನ ಗುಡ್ಡೆಯ ಕಡೆಗೆ ಕೈ ತೋರಿಸಿದರು. "ಆ ಬಳ್ಳಿ ಸುಮ್ಕೆ ಬಿದ್ದೈತೆ ನೋಡು ಮುದ್ದ. ಕುರಿಗಳು ವಾರದಿಂದ ಬಂಡೆ ನೆಕ್ತಾ ಅವೆ. ತಿನ್ಲಿ, ಬುಟ್ಕೋ."

ತಪ್ಪು ಒಪ್ಪಿಕೊಂಡ ಹಿರಿಯರು ಹೀಗೇ ಏನನ್ನಾದರೂ ಕೊಡುತ್ತಾರೆ. ಅದು ಮುದ್ದಪ್ಪನಿಗೂ ಗೊತ್ತಿತ್ತು. ಅವನು ಕೈಮುಗಿದು, ನಾಲಿಗೆ ಮಡಿಸಿ ದಿಣ್ಣೆಯ ಕಡೆಗೆ ಸಿಳ್ಳೆ ಹಾಕಿದ. ತೊಂಬತ್ತು ತಲೆಗಳು ಒಮ್ಮೆಲೇ ಎದ್ದವು.

ಈರಕ್ಕ ಬದುವಿನ ಕಡೆಗೆ ತಿರುಗಿದಳು.

ಗುಡ್ಡೆ. ಕುರಿಯ ಹೊಟ್ಟೆ. ಓಬಳಯ್ಯನ ಹೊಲ. ಮುಂದೆ ಆಗುವುದೆಲ್ಲ ಅವಳಿಗೆ ಒಂದು ಸಲ ಓದಿದ ಪಾಠದಂತೆ ಕಣ್ಣೆದುರು ಬಂತು. ಅಸ್ಗರಣ್ಣ ಬೆನ್ನು ತಿರುಗಿಸಿ ಪೆಟ್ಟಿಗೆ ಕಟ್ಟುತ್ತಿದ್ದ. ಅಪ್ಪ ನಗುತ್ತಿದ್ದ. ಈ ಸಂಗತಿ ಗೊತ್ತಿದ್ದವಳು ಅಲ್ಲಿ ಅವಳೊಬ್ಬಳೇ.

ಸುಮ್ಮನಿದ್ದರೆ ನಾಳೆ ಶಾಲೆ. ಬಾಯಿಬಿಟ್ಟರೆ ಟೀಸಿ.

ಕೆಂಚಿ ಎಲ್ಲಕ್ಕಿಂತ ಮುಂದೆ ಧೂಳೆಬ್ಬಿಸಿಕೊಂಡು ಇಳಿದು ಬರುತ್ತಿತ್ತು. ಈರಕ್ಕ ಓಡಿದಳು. ಬದುವನ್ನು ಅವಳು ಹತ್ತಿದಾಗಲೇ ಕೆಂಚಿ ಗುಡ್ಡೆಗೆ ಬಾಯಿ ಹಾಕಿತ್ತು. ಈರಕ್ಕ ಅದರ ಕತ್ತನ್ನು ತಬ್ಬಿ, ದವಡೆಯ ಸಂದಿಗೆ ಬೆರಳು ತೂರಿಸಿ, ಬಳ್ಳಿಯನ್ನು ಹೊರಗೆಳೆದಳು. ಹಿಂದಿನ ಕುರಿಗಳು ಅವಳ ಮೊಣಕಾಲಿಗೆ ಡಿಕ್ಕಿ ಹೊಡೆದವು. ಅವಳು ಎರಡೂ ಕೈ ಚಾಚಿ ನಿಂತಳು.

"ಅಪ್ಪ, ನಿಲ್ಸು. ಇದನ್ನ ತಿನ್ನಿಸಬ್ಯಾಡ."

ಮುದ್ದಪ್ಪ ಏನೆಂದು ಕೇಳುತ್ತ ಓಡಿ ಬಂದ. ಉಳಿದವರೂ ಬಂದರು.

"ಬ್ಯಾಸಿಗೇಲಿ ತಿಂದಿದ್ವು," ಎಂದಳು ಈರಕ್ಕ. "ಸಿರಾ ದಾರೀಲಿ. ಇಂಥದೇ ಬಳ್ಳಿ. ಬಾಯಿ ಹಾಕಿಸಬ್ಯಾಡ ಅಂತ ಅಲ್ಲಿಯೋರು ನಂಗೆ ಹೇಳಿದ್ರು. ನಾನು ಕಲ್ಲಾಟ ಆಡ್ತಾ ಕೂತಿದ್ದೆ. ಆಮೇಲೆ ಇಲ್ಲಿಗೆ ಬಂದ್ವಲ್ಲ, ಹುಣಸೆ ಮರದ ತಾವ ಹಿಕ್ಕೆ ಒಳಗೆ ಆ ಕಾಳೆಲ್ಲ ಅಂಗಂಗೇ ಇದ್ವು. ನಾನು ಮಣ್ಣು ಮುಚ್ಚಿಬುಟ್ಟೆ."

ಮುದ್ದಪ್ಪ ಮಗಳ ಮುಖವನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡಳು. ಅವನು ಕೋಲೆತ್ತಿದ, ತಿರುಗಿ ಮಂದೆಯನ್ನು ಅಟ್ಟತೊಡಗಿದ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಕುರಿಗಳು ಗೊಂದಲದಿಂದ ಅರಚುತ್ತ ಹಿಂದಕ್ಕೆ ಸರಿದವು.

"ಅಂದ್ರೆ ನಾನಂದಿದ್ದೇ ನಿಜ," ಎಂದರು ಚನ್ನಮಲ್ಲಯ್ಯನವರು.

"ಹೂಂ," ಎಂದಳು ಈರಕ್ಕ.

ಅಸ್ಗರ್ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ಕಾಳುಗಳು ಒಡೆದಿರಲಿಲ್ಲವೇ, ಮೆತ್ತಗಾಗಿರಲಿಲ್ಲವೇ, ಎಷ್ಟಿದ್ದವು, ಯಾವ ದಿನ ಎಂದು ಒಂದೊಂದನ್ನೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕುರಿಯ ಹೊಟ್ಟೆಯನ್ನು ಹಾದೂ ಅವು ಬದುಕಿ ಬರುತ್ತವೆ ಎಂಬುದು ತನಗೇ ಹೊಳೆದಿರಲಿಲ್ಲ ಎಂದು ಎಲ್ಲರೆದುರು ಹೇಳಿದ.

"ಇವತ್ತು ಅವು ನನ್ನ ಹೊಲಕ್ಕೆ ಬಂದಿದ್ರೆ?" ಎಂದು ಕೇಳಿದ ಓಬಳಯ್ಯ.

ಎಲ್ಲರೂ ಬದುವಿನ ಗುಡ್ಡೆಯನ್ನು ನೋಡಿದರು.

"ಹಾಗಾದ್ರೆ ಬೂಷ್ಟು ತಂದದ್ದೂ ಕುರಿ, ಅದನ್ನ ತಡೆದಿದ್ದೂ ಕುರಿ," ಎಂದರು ಚನ್ನಮಲ್ಲಯ್ಯನವರು. ಅವರು ಕೇಳಿದರೋ ಹೇಳಿದರೋ ತಿಳಿಯಲಿಲ್ಲ. ಎರಡೂ ಇರಬಹುದು ಯಜಮಾನರೆ ಎಂದ ಅಸ್ಗರ್. ಮಂದೆ ಈಗ ಬೂಷ್ಟಿನ ಬಳ್ಳಿ ತಿಂದಿಲ್ಲ, ಆದರೂ ಅನುಮಾನ ಬೇಡ, ಐದು ದಿನ ದಿಣ್ಣೆಯ ಮೇಲೆಯೇ ಮೇದು ಹೊಟ್ಟೆ ಖಾಲಿ ಮಾಡಿಕೊಳ್ಳಲಿ, ಆಮೇಲೆ ಓಬಳಯ್ಯನವರ ಹೊಲಕ್ಕೆ ಇಳಿಯಲಿ ಎಂದೂ ಹೇಳಿದ. ಓಬಳಯ್ಯ ಗಲ್ಲ ಕೆರೆದುಕೊಂಡು ಯೋಚಿಸಿದ. ಆರು ದಿನ ಆಗಲಿ ಎಂದ.

ಚನ್ನಮಲ್ಲಯ್ಯನವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಬದುವನ್ನು ಹತ್ತಿದರು. ಗುಡ್ಡೆಯ ಒಣಗಿದ ಕಡೆ ಹುಡುಕಿ ಕಡ್ಡಿ ಗೀರಿದರು. ಮೂರನೆಯ ಕಡ್ಡಿಗೆ ಬೆಂಕಿ ಹತ್ತಿತು. ಮೇಲಿನ ಬಳ್ಳಿ ಚಟಚಟನೆ ಉರಿಯಿತು. ಹಸಿಯಾಗಿದ್ದ ಒಳಗಿನದು ದಟ್ಟವಾದ ಹೊಗೆ ಬಿಟ್ಟಿತು.

"ಲೇ ಅಮ್ಮಿ," ಎಂದರು ಅವಳ ಕಡೆ ತಿರುಗದೆ. "ಪೂರಾ ಬೂದಿ ಆಗೋತಂಕ ಇಲ್ಲೇ ನಿಂತಿರು. ಒಂದು ಮರೀನೂ ಇತ್ತ ಬರಂಗಿಲ್ಲ."

"ಹೂಂ."

"ಕಲ್ಲಾಟ ಆಡಂಗಿಲ್ಲ."

"ಇಲ್ಲ."

ಅವರು ನಾಲ್ಕು ಹೆಜ್ಜೆ ಹೋಗಿ ನಿಂತರು. "ಸಂಜೆ ಬೇಗ ಮನೆ ಸೇರ್ಕೋ. ನಾಳೆ ಸ್ಕೂಲಿಗೆ ಲೇಟಾದ್ರೆ ಕರಿಬಸಮ್ಮನ ಬಾಯಿಗೆ ಬೀಳ್ತೀಯ."

ಅಷ್ಟು ಹೇಳಿ ಹೊರಟುಬಿಟ್ಟರು. ಮುದ್ದಪ್ಪನನ್ನು ಅವರು ಮಾತನಾಡಿಸಲಿಲ್ಲ. ಇನ್ನೂ ಬಹಳ ದಿನ ಮಾತನಾಡಿಸುವವರಂತೆಯೂ ಕಾಣಲಿಲ್ಲ. ಆದರೆ ಹೊಂಗೆ ಮರದ ಬಳಿ ಹಾದುಹೋಗುವಾಗ ಬಗ್ಗಿ, ಒಂದು ಹಿಡಿ ಮಣ್ಣೆತ್ತಿ, ಬೆರಳುಗಳ ನಡುವೆ ಹೊಸಕಿ ನೋಡಿದರು.

ಒಬ್ಬೊಬ್ಬರೇ ಚದುರಿದರು. ಅಸ್ಗರನ ಸೈಕಲ್ಲು ದಾರಿಯ ತಿರುವಿನಲ್ಲಿ ಮರೆಯಾಯಿತು. ಅಪ್ಪ ಬಂದು ತನ್ನ ಕೋಲನ್ನು ಈರಕ್ಕನ ಕೈಗೆ ಕೊಟ್ಟು, ಅವಳ ತಲೆಯ ಮೇಲೆ ಬಿದ್ದಿದ್ದ ಬೂದಿಯನ್ನು ಟವೆಲ್ಲಿನಿಂದ ಕೊಡವಿದ. ಪಾತ್ರೆಯ ಚೀಲ ಬಿಚ್ಚಲು ಅವ್ವನಿಗೆ ಹೇಳಿ ಬರುತ್ತೇನೆ ಎಂದು ಹಟ್ಟಿಯ ಕಡೆಗೆ ನಡೆದ.

ಈರಕ್ಕ ನಿಂತಳು. ಒಂದು ಕಡೆ ಗುಡ್ಡೆ ಹೊಗೆಯಾಡುತ್ತಿತ್ತು. ಇನ್ನೊಂದು ಕಡೆ ತೊಂಬತ್ತು ಕುರಿಗಳು ಕತ್ತು ಚಾಚಿ ನಿಂತಿದ್ದವು. ಕೆಂಚಿ ಎರಡು ಹೆಜ್ಜೆ ಮುಂದೆ ಬಂದು ಅವಳ ಮುಖವನ್ನೇ ನೋಡಿತು. ಅದರ ಮೂತಿಗೆ ಒಂದು ಕಂದು ಕಾಳು ಅಂಟಿಕೊಂಡಿತ್ತು. ಈ ಸಲ ಈರಕ್ಕ ಅದನ್ನು ಲಂಗಕ್ಕೆ ಒರೆಸಲಿಲ್ಲ. ಉಗುರಿನಿಂದ ಎತ್ತಿ, ಬೆಂಕಿಯ ಬಳಿಗೆ ಹೋಗಿ, ಒಳಕ್ಕೆ ಹಾಕಿ ಬಂದಳು.

ಗುಡ್ಡೆಗೂ ಮಂದೆಗೂ ನಡುವೆ ಇಪ್ಪತ್ತು ಹೆಜ್ಜೆಗಳ ಖಾಲಿ ನೆಲವಿತ್ತು. ಗಾಜಿನ ತಟ್ಟೆಯಲ್ಲಿ ಕಂಡ ಓಣಿಯ ನೆನಪಾಯಿತು ಅವಳಿಗೆ. ಆ ಖಾಲಿ ನೆಲದ ನಟ್ಟನಡುವೆ ಕೋಲೂರಿ, ಹೊಗೆ ತೆಳುವಾಗುವವರೆಗೂ ಅವಳು ಕದಲದೆ ನಿಂತಿದ್ದಳು.